ನೆಲ ಮುಟ್ಟದ ದಾಳ

ನಾವು ಮನೆಯೊಳಗಿದ್ದವರನ್ನು ಕೊಂದೆವು. ಅವರು ನಮ್ಮ ಊರಿಗೆ ಬಂದಿರಲಿಲ್ಲ, ನಾವೇ ಅವರ ಬಾಗಿಲಿಗೆ ಹೋದೆವು. ಅವರು ಬೀಗ ಹಾಕಿಕೊಂಡು ಕೂತಿದ್ದರು, ನಾವು ಬೀಗ ತೆಗೆದೆವು. ಅವರು ಮೂಲೆಗೆ ಸರಿದರು, ನಾವು ಮೂಲೆಗೆ ದೀಪ ಹಿಡಿದೆವು. ಕೊಂದ ಮೇಲೆ ಕೈ ತೊಳೆದುಕೊಂಡು ಉಪ್ಪಿಟ್ಟು ತಿಂದೆವು. ಯಾರಾದರೂ ಕೇಳಿದರೆ ಆಟ ಅಂದೆವು.

ಬೀಗ ತೆಗೆದವನು ನಾನು. ಇದನ್ನು ಆಮೇಲೆ ಮೆಲ್ಲಗೆ ಹೇಳಿ ನಿಮ್ಮ ಕರುಣೆ ಗಿಟ್ಟಿಸಿಕೊಳ್ಳುವ ಆಸೆ ನನಗಿಲ್ಲ. ಈಗಲೇ ಹೇಳಿದ್ದೇನೆ.

ನಮ್ಮ ಊರಿನ ಹಿಂದೆ ಒಂದು ಗುಡ್ಡ ಇದೆ. ಗುಡ್ಡದ ಆಚೆಗೆ ಯಾರೂ ಕಾಲಿನಲ್ಲಿ ಹೋಗುವುದಿಲ್ಲ. ಹೋಗುವುದಿದ್ದರೆ ಆಟದಲ್ಲೇ ಹೋಗಬೇಕು. ದಿನಾ ದೀಪ ಹಚ್ಚುವ ಹೊತ್ತಿಗೆ ಆಟದ ಮನೆಯಲ್ಲಿ ಕರಿ ಕಂಬಳಿ ಹಾಸುತ್ತಾರೆ. ಕಂಬಳಿಯ ಒಂದು ತುದಿಯಲ್ಲಿ ಹೇಳುವಜ್ಜಿ ಕೂರುತ್ತಾಳೆ. ಅವಳು ಕಣ್ಣು ಮುಚ್ಚಿದರೆ ಗುಡ್ಡದ ಆಚೆ ಕಾಣುತ್ತದೆ. ಕಂಡದ್ದನ್ನು ಹೇಳುತ್ತಾಳೆ. ಅವಳ ಎದುರಿಗೆ ನಾವು ನಾಲ್ವರು. ಕತ್ತಿಯವನು, ದೀಪದವಳು, ಮದ್ದಿನವಳು, ಬೀಗದವನು. ನಮ್ಮ ಕೈಯಲ್ಲಿ ಕತ್ತಿಯೂ ಇಲ್ಲ, ಬೀಗದ ಕೈಯೂ ಇಲ್ಲ. ದೀಪ ಮಾತ್ರ ನಿಜವಾದ ದೀಪ. ಉಳಿದದ್ದೆಲ್ಲ ಬರೀ ಮಾತು, ಮತ್ತೆ ಇಪ್ಪತ್ತು ಮುಖದ ಒಂದು ದಾಳ.

ಬಾಯಿಂದ ಮಾತು ಬಿಡಬೇಕು, ಕೈಯಿಂದ ದಾಳ ಬಿಡಬೇಕು. ದಾಳ ನೆಲ ಮುಟ್ಟಿದ ಕ್ಷಣ ಮಾತು ನಡೆದುಹೋಗುತ್ತದೆ.

ಇದಕ್ಕೆಲ್ಲ ಮೇಲಿನ ನಿಯಮ ಒಂದೇ. ‘ಅದು’ ಅಂದದ್ದನ್ನು ಕೊಲ್ಲಬಹುದು. ‘ಅವನು’, ‘ಅವಳು’, ‘ಅವರು’ ಅಂದವರ ಮೈ ಮುಟ್ಟುವಂತಿಲ್ಲ. ‘ಬಂದರು’ ಅಂದರೆ ಕತ್ತಿ ಕೆಳಗೆ. ‘ಬಂತು’ ಅಂದರೆ ಕತ್ತಿ ಮೇಲೆ. ಒಂದು ಮಾತಿನ ಬಾಲ, ಅಷ್ಟೇ. ಆ ಬಾಲ ಹಿಡಿದುಕೊಂಡು ನಾವು ಇಷ್ಟು ವರ್ಷ ಬದುಕಿದೆವು.

ಹೇಳುವಜ್ಜಿ ಕಣ್ಣು ಮುಚ್ಚಿ ಶುರು ಮಾಡುತ್ತಿದ್ದಳು.

“ಗುಹೆಯ ಬಾಗಿಲಲ್ಲಿ ನಿಂತಿದ್ದೀರಿ. ಒಳಗೆ ಏನೋ ಉಸಿರಾಡುತ್ತಿದೆ. ಏನು ಮಾಡುತ್ತೀರಿ?”

“ಒಳಗೆ ಹೋಗುತ್ತೇವೆ.”

ನಾಲ್ಕೂ ಬಾಯಿ, ಒಂದೇ ಮಾತು. ಯಾರೂ ಒಂದು ದಿನವೂ ‘ವಾಪಸು ಹೋಗುತ್ತೇವೆ’ ಅಂದದ್ದಿಲ್ಲ. ‘ಬಾಗಿಲು ತಟ್ಟುತ್ತೇವೆ’ ಅಂದದ್ದೂ ಇಲ್ಲ.

ಆಟದ ಮನೆಯ ಗೋಡೆಗೆ ಅಂಟಿಕೊಂಡು ಹತ್ತು ಮೆಟ್ಟಿಲುಗಳಿವೆ. ಮೇಲೆ ಬಾಗಿಲಿಲ್ಲ, ಅಟ್ಟವಿಲ್ಲ, ಬರೀ ಗೋಡೆ. ಕೊಂದಷ್ಟೂ ಮೇಲಿನ ಮೆಟ್ಟಿಲಲ್ಲಿ ಕೂರುತ್ತಾರೆ, ಕೊನೆಯದನ್ನು ಕೊಂದವನಿಗೆ ಹತ್ತನೆಯದು. ಹತ್ತಿದವನು ಆಟ ಮುಗಿಯುವ ತನಕ ಇಳಿಯುವಂತಿಲ್ಲ. ಗಾಯ ಕಟ್ಟಿದವಳಿಗೆ ಮೆಟ್ಟಿಲಿಲ್ಲ, ದೀಪ ಹಿಡಿದವಳಿಗೆ ಮೆಟ್ಟಿಲಿಲ್ಲ. ಕತ್ತಿಯವನು ಒಂಬತ್ತನೆಯದರ ಮೇಲೆ ಕೂತು ಕಾಲು ಅಲ್ಲಾಡಿಸುತ್ತಿದ್ದ.

“ಅಕ್ಕಾ, ಇವತ್ತು ಮದ್ದು ಜಾಸ್ತಿ ಅರೆದಿಟ್ಟಿರು. ದೊಡ್ಡದು ಸಿಗುತ್ತೆ ಅನ್ಸುತ್ತೆ,” ಅನ್ನುತ್ತಿದ್ದ.

“ನಿನ್ನ ಮೈಗೆಲ್ಲ ನನ್ನ ಹತ್ರ ಮದ್ದಿದೆ ಕಣಪ್ಪ. ಬಾಯಿಗೆ ಮಾತ್ರ ಇಲ್ಲ,” ಅನ್ನುತ್ತಿದ್ದಳು ಮದ್ದಿನವಳು.

ನಗುತ್ತಿದ್ದೆವು. ನಮ್ಮದು ನಗುವ ಊರು. ಅದನ್ನೂ ಹೇಳಬೇಕು.

ಗುಡ್ಡದ ಆಚೆಯಿಂದ ಮೊದಲು ಸದ್ದು ಬರುತ್ತಿತ್ತು. ಬೆಳಿಗ್ಗೆ ಬೆಳಿಗ್ಗೆ, ಧಪ್, ಧಪ್, ಧಪ್. ನೂರಾರು ಒನಕೆಗಳು ಒಟ್ಟಿಗೆ. ‘ಎಲುಬು ಕುಟ್ಟುತ್ತಿವೆ’ ಅಂತ ನಮ್ಮ ತಾಯಂದಿರು ನಮಗೆ ಹೇಳಿದ್ದರು, ಅವರ ತಾಯಂದಿರು ಅವರಿಗೆ ಹೇಳಿದ್ದರು. ಯಾರ ಎಲುಬು ಅಂತ ಯಾರೂ ಕೇಳಲಿಲ್ಲ. ನಮ್ಮ ಊರಲ್ಲಿ ಯಾರೂ ಕಾಣೆಯಾಗಿರಲಿಲ್ಲ. ಆಟ ಆಡಿದ ಮಾರನೆಯ ಬೆಳಿಗ್ಗೆ ಊರಿನವರೆಲ್ಲ ಬಾಗಿಲಿಗೆ ಬಂದು ಕಿವಿಗೊಟ್ಟು ನಿಲ್ಲುತ್ತಿದ್ದರು. ಒಂದು ಒನಕೆ ಕಡಿಮೆ ಕೇಳಿಸುತ್ತಿತ್ತು. ಇನ್ನೊಂದು ದಿನ ಇನ್ನೆರಡು ಕಡಿಮೆ. ಅಕ್ಕಪಕ್ಕದವರು ಒಬ್ಬರಿಗೊಬ್ಬರು ಬೆಲ್ಲ ಹಂಚುತ್ತಿದ್ದರು. ಸದ್ದು ಅಡಗುವುದಕ್ಕೆ ನಾವು ನೆಮ್ಮದಿ ಅಂತ ಹೆಸರಿಟ್ಟಿದ್ದೆವು.

ಒಂದು ಸಲ ನಾನು ಕೇಳಿದೆ. “ಅಜ್ಜೀ, ಅವು ಮಾಡಿದ ತಪ್ಪೇನು?”

ಅಜ್ಜಿ ಉತ್ತರ ಕೊಡುವ ಮೊದಲೇ ಕತ್ತಿಯವನು ಮೇಲಿನಿಂದ ಹೇಳಿದ. “ಹುಟ್ಟಿವೆಯಲ್ಲೋ, ಸಾಲದಾ?”

ಎಲ್ಲರೂ ನಕ್ಕರು. ನಾನೂ ನಕ್ಕೆ. ಹುಟ್ಟಿದ್ದೇ ತಪ್ಪು ಅನ್ನುವ ಮಾತನ್ನು ನನ್ನ ಬೀದಿಯ ಬಗ್ಗೆಯೂ ಜನ ಆಡಿದ್ದನ್ನು ನಾನು ಕೇಳಿದ್ದವನು. ನಾವು ಕೂತೆದ್ದ ಕಲ್ಲನ್ನು ಇನ್ನೊಬ್ಬರು ನೀರು ಹಾಕಿ ತೊಳೆದದ್ದನ್ನು ನೋಡಿದ್ದವನು. ಆದರೂ ನಕ್ಕೆ. ಮೆಟ್ಟಿಲ ಮೇಲೆ ಕೂತವನು ಹೇಳಿದ ಮಾತಿಗೆ ಕಂಬಳಿಯ ಮೇಲೆ ಕೂತವರು ನಗಲೇಬೇಕು ಅಂತ ನನಗೆ ಯಾರೂ ಕಲಿಸಿರಲಿಲ್ಲ. ಆದರೂ ಅದು ಬರುತ್ತಿತ್ತು.

ಆಟದಲ್ಲಿ ಗೆದ್ದದ್ದು ಮಾರನೆಯ ಬೆಳಿಗ್ಗೆ ಗೆದ್ದವರ ಹೊಸಿಲ ಮೇಲೆ ಇರುತ್ತದೆ. ನನ್ನ ಹೊಸಿಲ ಮೇಲೆ ಒಂದು ಬಾಚಣಿಗೆ ಬಂತು, ಅದರಲ್ಲಿ ಉದ್ದ ಕೂದಲು ಸಿಕ್ಕಿಕೊಂಡಿತ್ತು. ಕತ್ತಿಯವನ ಹೊಸಿಲ ಮೇಲೆ ಒಂದು ಸೌಟು ಬಂತು, ಸಾರು ಇನ್ನೂ ಆರಿರಲಿಲ್ಲ. ಅವನು ಅದನ್ನು ತೊಳೆದು ಗೋಡೆಗೆ ತೂಗುಹಾಕಿದ. ದೀಪದವಳ ಹೊಸಿಲ ಮೇಲೆ ಒಂದು ಗೆಜ್ಜೆ ಬಂತು. ಒಂದೇ ಒಂದು. ತೀರಾ ಸಣ್ಣದು. ಅವಳು ಅದನ್ನು ತನ್ನ ಮಗುವಿನ ಕಾಲಿಗೆ ಹಾಕಿ ನೋಡಿದಳು. ಅಳತೆ ತೆಗೆದು ಮಾಡಿಸಿದ ಹಾಗೆ ಸರಿಹೋಯಿತು.

ಈ ಮಗುವಿನ ವಿಷಯ ಹೇಳಬೇಕು. ಎಂಟು ತಿಂಗಳದು, ಹಲ್ಲು ಬಂದಿರಲಿಲ್ಲ. ನಮ್ಮಲ್ಲಿ ಮೊದಲ ಹಲ್ಲು ಬರುವ ತನಕ ಮಗುವಿಗೆ ಹೆಸರಿಡುವುದಿಲ್ಲ. ಹಲ್ಲು ಬಂದ ದಿನ ತಾಯಿ ಅದರ ಕಿವಿಯಲ್ಲಿ ಹೆಸರು ಹೇಳುತ್ತಾಳೆ. ಬೇರೆ ಯಾರು ಹೇಳಿದರೂ ಅದು ಹೆಸರಾಗುವುದಿಲ್ಲ. ಅಲ್ಲಿಯ ತನಕ ಅದು ‘ಅದು’. ಅದು ಎದ್ದಿತು, ಅದು ನಕ್ಕಿತು, ಅದಕ್ಕೆ ಹಸಿವಾಯಿತು. ಎಷ್ಟು ಮುದ್ದಿನ ಮಾತು ನೋಡಿ. ಅದೇ ಬಾಯಿಂದ ಮಗುವಿಗೆ ‘ಅದು’ ಅಂದೆವು, ಕೊಲ್ಲಬೇಕಾದದ್ದಕ್ಕೂ ‘ಅದು’ ಅಂದೆವು. ಎರಡೂ ಒಂದೇ ಮಾತು ಅಂತ ಇಡೀ ಊರಿನಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ಗೆಜ್ಜೆ ಬಂದ ಮಾರನೆಯ ಸಂಜೆ ಕಂಬಳಿ ಹಾಸಿದರು. ದೀಪದವಳು ಎಡಗೈಯಲ್ಲಿ ದೀಪ ಹಿಡಿದು, ಮಗುವನ್ನು ಎತ್ತಿಕೊಂಡು ಬಂದು ತೊಡೆಯ ಮೇಲೆ ಕೂರಿಸಿಕೊಂಡಳು. ಆಟದ ಮನೆಯ ಕಿಟಕಿಗಳಲ್ಲಿ ಊರೆಲ್ಲ ತಲೆ ತೂರಿಸಿತ್ತು. ಕತ್ತಿಯವನು ಇವತ್ತು ಹತ್ತನೆಯ ಮೆಟ್ಟಿಲು ಹತ್ತುತ್ತಾನೆ ಅಂತ ಎಲ್ಲರಿಗೂ ಗೊತ್ತಿತ್ತು.

ಅಜ್ಜಿ ಕಣ್ಣು ಮುಚ್ಚಿದಳು. “ಕೊನೆಯ ಬಾಗಿಲಲ್ಲಿ ನಿಂತಿದ್ದೀರಿ. ಒಳಗೆ ಏನೋ ಉಸಿರಾಡುತ್ತಿದೆ. ಏನು ಮಾಡುತ್ತೀರಿ?”

“ಒಳಗೆ ಹೋಗುತ್ತೇವೆ.”

“ಬೀಗ ಇದೆ.”

“ತೆಗೆಯುತ್ತೇನೆ,” ಅಂದೆ. ದಾಳ ಬಿಟ್ಟೆ. ಹದಿನೇಳು ಬಿತ್ತು. ಬೀಗ ತೆರೆಯಿತು.

“ಕತ್ತಲಿದೆ.”

“ದೀಪ ಹಿಡಿಯುತ್ತೇನೆ,” ಅಂದಳು ದೀಪದವಳು.

“ಮೂಲೆಯಲ್ಲಿ ಒಂದು ತೊಟ್ಟಿಲಿದೆ,” ಅಂದಳು ಅಜ್ಜಿ. “ತೊಟ್ಟಿಲಲ್ಲಿ ಮಗುವಿದೆ. ಅದು ಅಳುತ್ತಿದೆ.”

ಮದ್ದಿನವಳು ಅರೆಯುವ ಕೈ ನಿಲ್ಲಿಸಿದಳು. “ಮಗೂನಾ?” ಅಂದಳು.

“ಮಗು ಗಿಗು ಅನ್ನಬೇಡ ಅಕ್ಕಾ. ರಕ್ಕಸನ ಮರಿ ಅದು,” ಅಂದ ಕತ್ತಿಯವನು.

“ಬಿಟ್ಟುಬಿಡೋ. ಅಷ್ಟು ಸಣ್ಣದು ಏನು ಮಾಡುತ್ತೆ?”

“ಬೆಳೆಯುತ್ತೆ. ಅದರ ಅಮ್ಮನ್ನ ಮೊನ್ನೆ ನಾವೇ ಹೊಡೆದಿದ್ದೀವಿ. ನೆನಪಿಟ್ಕೊಂಡು ಬರುತ್ತೆ.”

“ನಿನ್ನೆ ತಿಂದದ್ದು ನಿನಗೇ ನೆನಪಿರಲ್ಲ, ತೊಟ್ಟಿಲ ಕೂಸು ನೆನಪಿಟ್ಕೊಳ್ಳುತ್ತಾ?”

ಕಿಟಕಿಯಲ್ಲಿ ಯಾರೋ ಕಿಸಕ್ಕನೆ ನಕ್ಕರು. ಕತ್ತಿಯವನ ಮುಖ ಕೆಂಪಾಯಿತು. ಅವನು ಹತ್ತನೆಯ ಮೆಟ್ಟಿಲನ್ನು ಕೈಯಲ್ಲಿ ತಡವಿ ನೋಡಿದ. ಅಲ್ಲಿ ಇಷ್ಟು ವರ್ಷದ ಧೂಳು ಕೂತಿತ್ತು.

ಆಗ ದೀಪದವಳು ಕೇಳಿದಳು. “ಅಜ್ಜೀ, ಅದರ ಕಾಲು ಹೇಗಿದೆ?”

ಇಷ್ಟು ವರ್ಷದಲ್ಲಿ ಯಾರೂ ಅಜ್ಜಿಯನ್ನು ಹಾಗೆ ಕೇಳಿರಲಿಲ್ಲ. ಎಷ್ಟು ದೊಡ್ಡದು ಅಂತ ಕೇಳುತ್ತಿದ್ದೆವು, ಎಷ್ಟು ಪೆಟ್ಟಿಗೆ ಸಾಯುತ್ತದೆ ಅಂತ ಕೇಳುತ್ತಿದ್ದೆವು. ಅಜ್ಜಿ ಮುಚ್ಚಿದ ಕಣ್ಣಲ್ಲೇ ಸ್ವಲ್ಪ ಹೊತ್ತು ನೋಡಿದಳು.

“ಒಂದು ಕಾಲಲ್ಲಿ ಗೆಜ್ಜೆ ಇದೆ,” ಅಂದಳು. “ಇನ್ನೊಂದು ಬರಿಗಾಲು.”

ದೀಪದವಳ ಮಗು ಅಷ್ಟರಲ್ಲಿ ತೊಡೆಯಿಂದ ಜಾರಿ ಕಂಬಳಿಯ ನಡುವಿಗೆ ಅಂಬೆಗಾಲಿಟ್ಟಿತ್ತು. ಒಂದು ಕಾಲಿನ ಗೆಜ್ಜೆ ಘಲ್ ಅಂದಿತು. ಮತ್ತೆ ಬರಿಗಾಲು. ಮತ್ತೆ ಘಲ್.

ಕತ್ತಿಯವನಿಗೆ ಅದು ಕೇಳಿಸಲಿಲ್ಲ. ಅವನು ಕಣ್ಣು ಮುಚ್ಚಿ, ಊರಿಗೆಲ್ಲ ಕೇಳುವ ಹಾಗೆ, “ಅದನ್ನು ಹೊಡೆಯುತ್ತೇನೆ!” ಅಂದ. ದಾಳವನ್ನು ಮೇಲಕ್ಕೆ ಎಸೆದ. ಅವನು ಯಾವಾಗಲೂ ಎತ್ತರಕ್ಕೇ ಎಸೆಯುತ್ತಿದ್ದ, ಜನ ನೋಡಲಿ ಅಂತ.

ಅಜ್ಜಿ ಕಣ್ಣು ತೆರೆದಳು. ಆಟದ ನಡುವೆ ಅವಳು ಕಣ್ಣು ತೆರೆದದ್ದನ್ನು ನಾವು ಕಂಡದ್ದು ಅದೇ ಮೊದಲು. ಕಂಬಳಿಯ ಮೇಲಿನ ಮಗುವನ್ನು ನೋಡಿ ಚೀರಿದಳು. “ಯಾವುದನ್ನು?”

ದಾಳ ತೊಲೆಯ ತನಕ ಹೋಗಿ ತಿರುಗಿತು. ದೀಪದವಳು ದೀಪ ಬಿಟ್ಟುಬಿಟ್ಟಳು. ಎದ್ದಳು. ದೀಪ ಆರಿತು, ಕತ್ತಲಾಯಿತು. ಕತ್ತಲಲ್ಲಿ ದಾಳ ಬಿದ್ದ ಸದ್ದು ಬರಲಿಲ್ಲ.

ಮತ್ತೆ ದೀಪ ಹಚ್ಚಿದಾಗ ಅವಳು ಕಂಬಳಿಯ ನಡುವೆ ನಿಂತಿದ್ದಳು. ಬಲಗೈ ಮುಷ್ಟಿ ಕಟ್ಟಿತ್ತು. ಬೆರಳಿನ ಸಂದಿಯಲ್ಲಿ ದಾಳದ ಒಂದು ಮೂಲೆ ಕಾಣುತ್ತಿತ್ತು. ಅವಳ ಕಾಲ ಬುಡದಲ್ಲಿ ಮಗು ಆರಿದ ದೀಪದ ಬತ್ತಿಯ ಕಡೆ ಕೈ ಚಾಚುತ್ತಿತ್ತು.

“ಮಾತು ಹೊರಟಾಗಿದೆ,” ಅಂದಳು ಅಜ್ಜಿ. “ಹೊರಟ ಮಾತಿಗೆ ಒಂದು ‘ಅದು’ ಬೇಕೇ ಬೇಕು. ದಾಳ ಎಲ್ಲಿ ನೆಲ ಮುಟ್ಟಿದರೂ, ಹತ್ತಿರದ್ದು ಯಾವುದೋ ಅದು ಹೋಗುತ್ತದೆ.”

“ನಾನು ಆಚೆಯ ಮರೀನ ಅಂದದ್ದು! ಈ ಮಗೂನ ಅಲ್ಲ!” ಕತ್ತಿಯವನು ಮೇಲಿನಿಂದ ಕಿರುಚಿದ.

“ನೀನು ಅಂದದ್ದು ‘ಅದನ್ನು’ ಅಂತ. ನಿನ್ನ ಮನಸ್ಸಲ್ಲಿ ಯಾವುದಿತ್ತು ಅಂತ ದಾಳಕ್ಕೆ ಹೇಗೆ ಗೊತ್ತಾಗಬೇಕು?”

“ತಂಗೀ, ನಾನು ಬೇಕಂತ ಮಾಡಿದ್ದಲ್ಲ,” ಅಂದ ಅವನು. ಅವನ ಕಣ್ಣಲ್ಲಿ ನೀರಿತ್ತು. ಸುಳ್ಳಿನ ನೀರಲ್ಲ. ಇಳಿದು ಬರಲು ಹೊರಟ, ಆದರೆ ಆಟ ಮುಗಿಯದೆ ಇಳಿಯುವಂತಿರಲಿಲ್ಲ. ಒಂಬತ್ತನೆಯ ಮೆಟ್ಟಿಲ ಮೇಲೆಯೇ ಕುಸಿದು ಕೂತ.

ಅಜ್ಜಿಯೇ ದಾರಿ ತೋರಿಸಿದಳು. “ಹಲ್ಲು ಬರದಿದ್ದರೂ ಪರವಾಗಿಲ್ಲ, ಮಗುವಿಗೆ ಈಗಲೇ ಹೆಸರಿಡು. ಹೆಸರಿಟ್ಟರೆ ಅದು ‘ಅವಳು’ ಆಗುತ್ತಾಳೆ. ಆಮೇಲೆ ಮುಷ್ಟಿ ಬಿಡು. ಮಾತು ಗುಡ್ಡ ದಾಟಿ ತನ್ನ ದಾರಿ ತಾನು ನೋಡಿಕೊಳ್ಳುತ್ತದೆ.”

ಕಿಟಕಿಗಳಿಂದ ಹೆಸರುಗಳು ಸುರಿದವು. ನನ್ನ ಅಜ್ಜಿಯ ಹೆಸರಿಡಮ್ಮ ಅಂತ ಒಬ್ಬರು. ಹೂವಿನ ಹೆಸರಿಡು ಅಂತ ಒಬ್ಬರು. ಎಷ್ಟು ಒಳ್ಳೆಯ ಜನ ನೋಡಿ. ಒಂದು ಮಗುವನ್ನು ಉಳಿಸಲು ಊರೆಲ್ಲ ಹೆಸರು ಕೊಡುತ್ತಿತ್ತು.

ದೀಪದವಳು ಮುಷ್ಟಿಯನ್ನು ಎದೆಗೆ ಒತ್ತಿಕೊಂಡು ಕೇಳಿದಳು. “ಆಚೆಯದಕ್ಕೆ?”

ಹೆಸರುಗಳು ನಿಂತವು.

“ಆಚೆಯದಕ್ಕೆ ಯಾರು ಹೆಸರಿಡ್ತೀರಿ?”

“ಅದರ ತಾಯಿ ಇಡಬೇಕು,” ಅಂದ ಯಾರೋ ಒಬ್ಬ.

“ಅದರ ತಾಯಿ ಎಲ್ಲಿ?” ಅಂದಳು.

ಎಲ್ಲರೂ ಕಂಬಳಿ ನೋಡಿದರು.

ಆ ರಾತ್ರಿಯಿಂದ ಬೆಳಗಿನ ತನಕ ಊರಿನಲ್ಲಿ ಇನ್ನೊಂದು ಕೆಲಸ ನಡೆಯಿತು. ಹೊರಟ ಮಾತು ಎಲ್ಲಿ ಬೀಳುತ್ತದೋ ಅನ್ನುವ ಭಯಕ್ಕೆ ಎಲ್ಲರೂ ತಮ್ಮ ತಮ್ಮ ಮನೆಯ ‘ಅದು’ಗಳಿಗೆ ಹೆಸರಿಟ್ಟರು. ಹಲ್ಲಿಲ್ಲದ ಕೂಸುಗಳಿಗೆ ತಾಯಂದಿರು ಕಿವಿಯಲ್ಲಿ ಹೆಸರು ಹೇಳಿದರು. ಕರುಗಳಿಗೆ ಇಟ್ಟರು. ಕೋಳಿಗೆ ಇಟ್ಟರು. ಒಬ್ಬಳು ತನ್ನ ರುಬ್ಬುಗುಂಡಿಗೂ ಹೆಸರಿಟ್ಟಳು, ಅದು ಒಡೆದುಹೋದರೆ ಅಂತ ಹೆದರಿ. ಬೆಳಗಾಗುವ ಹೊತ್ತಿಗೆ ನಮ್ಮ ಊರಿನಲ್ಲಿ ಪೊರಕೆಗೂ ಗೌರವ ಬಂದಿತ್ತು. ಗುಡ್ಡದ ಆಚೆಯವರಿಗೆ ಒಬ್ಬರೂ ಒಂದು ಹೆಸರು ಇಡಲಿಲ್ಲ. ಇಡಬಹುದು ಅಂತ ಅವರಿಗೆ ಹೊಳೆಯಲೂ ಇಲ್ಲ. ನಮ್ಮ ಪಾಪದ ಉದ್ದ ಅಗಲ ಅಳೆಯಬೇಕಾದರೆ ಆ ಬೆಳಿಗ್ಗೆಯಿಂದ ಅಳೆಯಿರಿ.

ಬೆಳಿಗ್ಗೆ ಎಲ್ಲರೂ ಬಂದು ನಿಂತರು. “ನಮ್ಮದೆಲ್ಲ ಆಯಿತು. ನಿನ್ನದೊಂದು ಬಾಕಿ. ಹೆಸರು ಹೇಳು, ಮುಷ್ಟಿ ಬಿಡು.”

ದೀಪದವಳು ಮಗುವಿಗೆ ಹಾಲು ಕುಡಿಸುತ್ತಿದ್ದಳು. “ನನ್ನದು ಅದು,” ಅಂದಳು. “ಅದಾಗಿಯೇ ಇರುತ್ತೆ. ಆಚೆ ಇರೋರು ಅದಾಗಿರೋ ತನಕ ನನ್ನದೂ ಅದೇ.”

ಮದ್ದಿನವಳಿಗೆ ಸಿಟ್ಟು ಬಂತು. ಅವಳು ಗುಂಪಿನಿಂದ ಮುಂದೆ ಬಂದು ದೀಪದವಳ ಭುಜ ಹಿಡಿದು ಅಲುಗಿಸಿದಳು. “ಹುಚ್ಚಿ! ಸ್ವಂತ ಮಗೂನ ಪಣಕ್ಕಿಡ್ತೀಯೇನೇ?”

“ಪಣಕ್ಕಿಟ್ಟೋಳು ನಾನಲ್ಲ ಅಕ್ಕಾ. ದಾಳ ಬಿಟ್ಟೋನು ಅವನು. ಹಿಡ್ಕೊಂಡೋಳು ನಾನು.”

“ಕೈ ಸೋತರೆ?”

“ಸೋಲುತ್ತೆ,” ಅಂದಳು ದೀಪದವಳು. “ಅದಕ್ಕೇ ಕೇಳ್ತಿದ್ದೀನಿ. ಹೆಸರು ಕೊಡೋಕೆ ಇಷ್ಟು ಜನ ಇದ್ದೀರಲ್ಲ, ಕೈ ಕೊಡೋರು ಯಾರಿದ್ದೀರಿ?”

ಗುಂಪು ಹಿಂದೆ ಸರಿಯಿತು. ನಾನೂ ಸರಿದೆ. ಸರಿದವನು ನಿಲ್ಲಲಿಲ್ಲ. ನಡೆಯುತ್ತ ನಡೆಯುತ್ತ ಗುಡ್ಡದ ಬುಡಕ್ಕೆ ಬಂದಿದ್ದೆ. ಹತ್ತಿದೆ. ಮಟಮಟ ಮಧ್ಯಾಹ್ನ. ಯಾರೂ ನನ್ನನ್ನು ತಡೆಯಲಿಲ್ಲ, ತಡೆಯಲು ಅಲ್ಲಿ ಏನೂ ಇರಲಿಲ್ಲ. ಇಷ್ಟು ವರ್ಷ ಅಲ್ಲಿ ಕಾವಲಿಗೆ ಇದ್ದದ್ದು ನಮ್ಮ ಬಾಯಿಯ ಮಾತು ಮಾತ್ರ.

ಆಚೆ ಗುಹೆಗಳಿರಲಿಲ್ಲ. ಮನೆಗಳಿದ್ದವು. ಸಾಲು ಸಾಲು ಮನೆಗಳು, ಸುಣ್ಣ ಬಳಿದ ಗೋಡೆಗಳು, ಎಲ್ಲ ಬಾಗಿಲೂ ತೆರೆದಿದ್ದವು. ಒಂದೊಂದು ಬಾಗಿಲಿಗೂ ಒಂದು ಬೀಗ ತೂಗುತ್ತಿತ್ತು. ಒಡೆದ ಬೀಗವಲ್ಲ, ನಾಜೂಕಾಗಿ ತೆಗೆದ ಬೀಗ. ನಾನು ಒಂದು ಬೀಗ ಮುಟ್ಟಿದೆ. ನನ್ನ ಕೈಗೆ ಅದರ ಒಳಗೆಲ್ಲ ಗೊತ್ತಿತ್ತು. ಇನ್ನೊಂದು ಮುಟ್ಟಿದೆ. ಅದೂ ಗೊತ್ತಿತ್ತು. ಆ ಬೀದಿಯಲ್ಲಿ ನನ್ನ ಬೆರಳಿಗೆ ಗುರುತಿಲ್ಲದ ಬಾಗಿಲು ಒಂದೂ ಇರಲಿಲ್ಲ.

ಅಂಗಳ ಅಂಗಳದಲ್ಲೂ ಒರಳುಗಳು. ಮಳೆನೀರು ತುಂಬಿದ ಒರಳು, ಎಲೆ ತುಂಬಿದ ಒರಳು. ಬೀದಿಯ ಕೊನೆಯಲ್ಲಿ ಒಂದು ಒನಕೆ ಮಾತ್ರ ಎದ್ದು ಬೀಳುತ್ತಿತ್ತು. ಧಪ್. ಸ್ವಲ್ಪ ಹೊತ್ತು ಬಿಟ್ಟು, ಧಪ್. ಒಬ್ಬ ಮುದುಕಿ ಒಂದು ಕೈಯಲ್ಲಿ ಕುಟ್ಟುತ್ತಿದ್ದಳು, ಇನ್ನೊಂದು ಕೈಯಲ್ಲಿ ಸೊಂಟದ ಮೇಲೆ ಮಗುವನ್ನು ಹಿಡಿದುಕೊಂಡಿದ್ದಳು. ಮಗುವಿನ ಒಂದು ಕಾಲಲ್ಲಿ ಗೆಜ್ಜೆ.

ನಾನು ಒರಳಿನೊಳಗೆ ಬಗ್ಗಿ ನೋಡಿದೆ. ಅವಲಕ್ಕಿ.

“ಏನಪ್ಪಾ ಹಾಗೆ ನೋಡ್ತೀಯ, ಅವಲಕ್ಕಿ ಕಂಡಿಲ್ವಾ?” ಅಂದಳು ಮುದುಕಿ. ಒಂದು ಹಿಡಿ ತೆಗೆದು ನನ್ನ ಕೈಗೆ ಸುರಿದಳು. “ತಿನ್ನು. ಒಂದು ಕೈಯಲ್ಲಿ ಕುಟ್ಟಿದ್ದು, ದಪ್ಪ ದಪ್ಪ ಆಗಿದೆ. ಬೈಬೇಡ.”

ತಿಂದೆ.

“ಅಮ್ಮಾ, ನಿಮ್ಮವರೆಲ್ಲ ಎಲ್ಲಿ?”

“ಹೋದರು. ದೀಪ ಹಚ್ಚೋ ಹೊತ್ತಿಗೆ ಬಾಗಿಲು ತಾನಾಗಿ ತೆಗೆದುಕೊಳ್ಳುತ್ತೆ. ಬೆಳಕೊಂದು ಒಳಗೆ ಬರುತ್ತೆ. ಆಮೇಲೆ ಅವರು ಇರಲ್ಲ. ಯಾರು ತೆಗೀತಾರೋ ಆ ಬೀಗಾನ, ನಿನಗೇನಾದರೂ ಗೊತ್ತಾ ಮಗಾ?”

ಮಗಾ ಅಂದಳು. ಕೂಸಿನ ಕಡೆ ಬೆರಳು ತೋರಿಸಿ ಬೇರೆ ಮಾತು ತೆಗೆದೆ. “ಇದರ ಹೆಸರೇನು?”

“ಹಲ್ಲು ಬರಲಿ, ಇಡ್ತೀವಿ,” ಅಂದಳು. ಆಮೇಲೆ ಒನಕೆ ನಿಲ್ಲಿಸಿ ಏನೋ ನೆನಪಾದವಳ ಹಾಗೆ ಹೇಳಿದಳು. “ಇಡೋಕೆ ಇದರ ಅಮ್ಮ ಬೇಕಿತ್ತು.”

ಆಗ ಬೀಗ ತೆಗೆದವನು ನಾನು ಅಂತ ಹೇಳಿದೆ. ಅವಳು ನನ್ನನ್ನು ಹೊಡೆಯಲಿಲ್ಲ, ಶಪಿಸಲಿಲ್ಲ. ಮಗುವನ್ನು ಈ ಸೊಂಟದಿಂದ ಆ ಸೊಂಟಕ್ಕೆ, ನನ್ನಿಂದ ದೂರದ ಕಡೆಗೆ, ಬದಲಿಸಿಕೊಂಡಳು. ಅಷ್ಟೇ ಮಾಡಿದಳು. ಅದಕ್ಕಿಂತ ದೊಡ್ಡ ಹೊಡೆತ ನಾನು ತಿಂದಿಲ್ಲ.

ಸಂಜೆಗೆ ಊರಿಗೆ ಬಂದು ದೀಪದವಳ ಮುಂದೆ ಕೈ ಒಡ್ಡಿದೆ. ಅವಳ ಮುಷ್ಟಿ ಬೆಳ್ಳಗಾಗಿತ್ತು, ಉಗುರು ಅಂಗೈಗೆ ಇಳಿದಿತ್ತು.

“ನಿಂದು ತೆಗೆಯೋ ಕೈ,” ಅಂದಳು.

“ಮುಚ್ಚೋದು ಕಲೀತೀನಿ.”

ಅವಳು ಮುಷ್ಟಿಯನ್ನು ನನ್ನ ಅಂಗೈ ಮೇಲಿಟ್ಟು, ಒಂದೊಂದೇ ಬೆರಳು ಬಿಡಿಸಿ, ದಾಳವನ್ನು ನನ್ನ ಕೈಗೆ ದಾಟಿಸಿದಳು. ಅದು ಬೆಚ್ಚಗಿತ್ತು. ಸಣ್ಣ ಪ್ರಾಣಿಯ ಹಾಗೆ ಒದ್ದಾಡುತ್ತಿತ್ತು. ಹೊರಟ ಮಾತಿಗೆ ಅಷ್ಟು ಆತುರ ಇರುತ್ತದೆ. ಅವಳು ಕೂತಲ್ಲೇ ಮಲಗಿದಳು. ನಾನು ಎರಡೂ ಕೈ ಸೇರಿಸಿ ಹಿಡಿದುಕೊಂಡೆ. ಬೆಳಿಗ್ಗೆ ಮದ್ದಿನವಳು ಬಂದು ತನ್ನ ಕೈ ಚಾಚಿದಳು.

ಹೀಗೆ ಮೂರು ಕೈ. ಐದು ತಿಂಗಳಾಯಿತು. ಮೂವರೇ ಇದ್ದೇವೆ.

ಈಚೆಯ ಮಗುವಿಗೆ ನಾಲ್ಕು ಹಲ್ಲು ಬಂದಿವೆ. ದೀಪದವಳು ಹೆಸರು ಹೇಳಿಲ್ಲ. ಅಜ್ಜಿಯ ಮುಂದೆ ಹೋಗಿ ದಿನಾ ಒಂದೇ ಮಾತು ಕೇಳುತ್ತಾಳೆ. “ಆಚೆ ‘ಇದ್ದಾರೆ’ ಅನ್ನು ಅಜ್ಜೀ. ‘ಇವೆ’ ಅನ್ನಬೇಡ. ನೀನು ‘ಇದ್ದಾರೆ’ ಅಂದರೆ ಹೊರಟ ಮಾತಿಗೆ ಹೋಗೋಕೆ ಜಾಗವೇ ಇರಲ್ಲ. ಅದು ಅಲ್ಲೇ ಸಾಯುತ್ತೆ. ನಾನೂ ನನ್ನ ಕೂಸಿಗೆ ಹೆಸರು ಹೇಳ್ತೀನಿ.”

ಅಜ್ಜಿ ತಲೆ ತಗ್ಗಿಸುತ್ತಾಳೆ. “ನಾನು ಊರು ಅಂದ ಹಾಗೆ ಅನ್ನುವವಳಮ್ಮ. ಊರು ‘ಅವರು’ ಅನ್ನಲಿ, ನಾನೂ ಅನ್ನುತ್ತೇನೆ.”

ಊರು ಅನ್ನುತ್ತಿಲ್ಲ. ಊರು ಬೇರೆ ಏನನ್ನೋ ಅನ್ನಲು ಶುರು ಮಾಡಿದೆ. ಮೆಟ್ಟಿಲ ಮೇಲೆ ಕೂತು ಕೂತು ಕತ್ತಿಯವನ ಕಾಲು ಮರಗಟ್ಟಿವೆ. ಊಟ ಅಲ್ಲಿಗೇ ಹೋಗುತ್ತದೆ. ಮೊದಮೊದಲು ಅಳುತ್ತಿದ್ದ. ಆಮೇಲೆ ಸುಮ್ಮನಾದ. ಹೋದ ವಾರ ಅವನು ಮಗುವನ್ನು ಬಹಳ ಹೊತ್ತು ನೋಡಿ, ಕಿಟಕಿಯವರಿಗೆ ಕೇಳುವಷ್ಟು ಮೆಲ್ಲಗೆ ಹೇಳಿದ.

“ಅದರ ಕಣ್ಣು ಸ್ವಲ್ಪ ಹಳದಿ ಅಲ್ವಾ?”

ಯಾರೂ ನಗಲಿಲ್ಲ. ಮಾರನೆಯ ದಿನ ಒಬ್ಬಳು, ಹೌದು ಕಣೇ, ಅದು ರಾಗಿ ಮುದ್ದೆ ತಿನ್ನುವಾಗ ಹಲ್ಲು ಕಚ್ಚುವ ರೀತಿ ನೋಡು, ಅಂದಳು. ಮೂರನೆಯ ದಿನ ಇನ್ನೊಬ್ಬ, ಆಚೆಯ ಗೆಜ್ಜೆ ಹಾಕಿಕೊಂಡದ್ದು ಈಚೆಯದಾಗಿ ಉಳಿಯುತ್ತದಾ, ಅಂದ. ಹೆಸರು ಕೊಡಲು ನೂಕುನುಗ್ಗಲು ಮಾಡಿದವರೇ ಇವರು. ‘ಅದು’ ಅನ್ನುವಾಗ ಇದ್ದ ಮುದ್ದು ಅವರ ಬಾಯಿಂದ ಹೋಗಿದೆ. ಮಾತು ಅದೇ. ಧ್ವನಿ ಬದಲಾಗಿದೆ. ಗುಡ್ಡದ ಆಚೆಯವರನ್ನು ನಮ್ಮ ಅಜ್ಜಂದಿರು ರಕ್ಕಸರನ್ನಾಗಿ ಮಾಡಿದ್ದು ಹೀಗೇ ಇರಬೇಕು, ಒಂದೊಂದೇ ಮಾತು, ಒಂದೊಂದೇ ದಿನ. ಇವತ್ತು ಬೆಳಿಗ್ಗೆ ಅವರು ತೀರ್ಮಾನ ಮಾಡಿದ್ದಾರೆ. ನಾಳೆ ದೀಪ ಹಚ್ಚುವ ಹೊತ್ತಿಗೆ ಬಂದು ಬೆರಳು ಬಿಡಿಸುತ್ತಾರಂತೆ. ದಾಳ ಯಾರ ಕೈಯಲ್ಲಿದ್ದರೆ ಅವರ ಬೆರಳು. ಆ ಹಳದಿ ಕಣ್ಣಿನದೊಂದು ಹೋದರೆ ಆಟ ಉಳಿಯುತ್ತದೆ ಅನ್ನುತ್ತಿದ್ದಾರೆ.

ಬರೆಯುತ್ತಿರುವುದು ನನ್ನ ಬಲಗೈ. ಎಡಗೈಯಲ್ಲಿ ದಾಳ ಒದ್ದಾಡುತ್ತಿದೆ. ಪಕ್ಕದಲ್ಲಿ ಆ ಮಗು ಮಲಗಿದೆ, ಬಾಯಿ ತೆರೆದುಕೊಂಡು, ನಾಲ್ಕು ಹಲ್ಲು ತೋರಿಸಿಕೊಂಡು. ಅದರ ಕಣ್ಣು ಹಳದಿಯಲ್ಲ. ಹಳದಿಯಾಗಿದ್ದರೂ ನಾನು ಕೈ ಬಿಡುವುದಿಲ್ಲ.

ಇದನ್ನು ಓದುತ್ತಿರುವ ನೀವು, ಆಟ ತಾನೆ ಅನ್ನಬೇಡಿ. ಪಾಪ ಅನ್ನಬೇಡಿ. ಓದಿ ನಿಟ್ಟುಸಿರು ಬಿಡುವವರು ನಮ್ಮ ಊರಿನಲ್ಲೇ ಬೇಕಾದಷ್ಟಿದ್ದಾರೆ, ಅವರೆಲ್ಲ ಕಿಟಕಿಯಲ್ಲಿದ್ದಾರೆ. ಮೂರು ಕೈಯನ್ನು ಬಿಡಿಸಬಹುದು, ಮುನ್ನೂರು ಕೈಯನ್ನು ಬಿಡಿಸಲಾಗುವುದಿಲ್ಲ. ನಾಳೆ ದೀಪ ಹಚ್ಚುವ ಮೊದಲು ಬನ್ನಿ. ಬರುತ್ತ ಏನನ್ನೂ ತರಬೇಡಿ, ಬರಿಗೈಯಲ್ಲಿ ಬನ್ನಿ. ಬಾಗಿಲಲ್ಲಿ ನಿಂತು ಎಲ್ಲರಿಗೂ ಕೇಳುವ ಹಾಗೆ ‘ಆಚೆ ಇದ್ದಾರೆ’ ಅನ್ನಿ. ಆಮೇಲೆ ಕಂಬಳಿ ತುಳಿದುಕೊಂಡು ನೇರ ಒಳಗೆ ಬಂದು, ನಮ್ಮ ಪಕ್ಕ ಕೂತು, ಅಂಗೈ ಮೇಲೆ ಮಾಡಿ ಕೈ ಚಾಚಿ.